ಓಡುತ್ತಿದ್ದ ಇಂಜಿನ್ ಬಿಚ್ಚಿಸಿದವರು

ಡಾಕ್ಟರು ನಿವೃತ್ತರಾಗಿ ಹುಬ್ಬಳ್ಳಿಗೆ ಹೊರಟ ವಾರ ನಮ್ಮ ಕನ್ನಡ ಸಂಘದವರು ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಮಾತಾಡಿದವರೆಲ್ಲ ಅವರನ್ನು ಮಮತಾಮಯಿ, ಮೃದುಭಾಷಿ, ನಮಗೆಲ್ಲ ತಾಯಿ ಇದ್ದ ಹಾಗೆ ಎಂದರು. ನಾನು ಹಿಂದಿನ ಸಾಲಿನಲ್ಲಿ ಕುಳಿತು ಚಡಪಡಿಸಿದೆ. ಮೃದುಭಾಷಿಯಂತೆ! ಈ ಕೊಲ್ಲಿ ದೇಶದ ಮಿರ್ದಿಫ್ ಬಡಾವಣೆಯಲ್ಲಿ ನಮ್ಮ ಪಕ್ಕದ ವಿಲ್ಲಾದಲ್ಲಿದ್ದವರು ಅವರು. ಪಾರ್ಕಿಂಗ್ ವಿಚಾರಕ್ಕೆ ವಾಚ್‌ಮನ್ ಜೊತೆ ಮಾತಾಡಿದರೆ ನಮ್ಮ ಅಡುಗೆಮನೆಯಲ್ಲಿ ಅಮ್ಮ ಒಗ್ಗರಣೆ ನಿಲ್ಲಿಸಿ ಕೇಳುತ್ತಿದ್ದಳು. ಇನ್ನು ತಾಯಿಯ ಮಾತು. ಯಾರೋ ಹುಡುಗ ಒಮ್ಮೆ ಕೈಮುಗಿದು "ಡಾಕ್ಟ್ರೇ, ನೀವು ನನ್ನ ಅಮ್ಮ ಇದ್ದ ಹಾಗೆ" ಎಂದಾಗ ಅವರು ಕೇಳಿದ್ದು ಇಷ್ಟೇ: "ನಿಮ್ಮವ್ವಗ ಈ ವಾರ ಫೋನ್ ಹಚ್ಚೀಯೇನು?"

ಒಬ್ಬರನ್ನು ಹೊಗಳುವುದಾದರೆ ಅವರಲ್ಲಿ ಇರುವುದನ್ನು ಹೊಗಳಬೇಕು. ಇಲ್ಲದ್ದನ್ನು ಹೊಗಳಿದರೆ ಇದ್ದದ್ದನ್ನು ನೋಡಲೇ ಇಲ್ಲ ಎಂದಾಗುತ್ತದೆ. ಆ ದಿನ ವೇದಿಕೆಯಲ್ಲಿ ನನಗೆ ಸಮಯ ಕೊಡಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನನಗೂ ಅವರಿಗೂ ಪರಿಚಯವಾದದ್ದೇ ಜಗಳದಿಂದ. ಸಂಘದ ಚರ್ಚಾಸ್ಪರ್ಧೆಗೆ ಅವರು ತೀರ್ಪುಗಾರರು. ನಾನು ಶಾಲೆಯಿಂದಲೂ ಡಿಬೇಟ್ ಮಾಡಿಕೊಂಡು ಬಂದವಳು, ಕೊಟ್ಟ ವಿಷಯದ ಯಾವ ಕಡೆಗಾದರೂ ನಿಲ್ಲಬಲ್ಲೆ. ಅವರು ನನಗೆ ಎರಡನೇ ಬಹುಮಾನ ಕೊಟ್ಟರು. ಯಾಕೆ ಎಂದು ಕೇಳಲು ಹೋದೆ. ಅವರು ತಟ್ಟೆಯಿಂದ ಮಿರ್ಚಿ ಎತ್ತಿಕೊಂಡು ಹೇಳಿದರು:

"ಚೊಲೋ ಮಾತಾಡಿದಿ ತಂಗಿ. ಆದ್ರ ಆಚೀ ಕಡಿ ನಿಲ್ಲಿಸಿದ್ರೂ ಇಷ್ಟs ಜೋರಲೇ ಮಾತಾಡ್ತಿದ್ದಿ. ಹೌದಿಲ್ಲೋ?"

"ಅದೇ ಅಲ್ವಾ ಡಿಬೇಟ್ ಅಂದ್ರೆ?"

"ಹಂಗಾದ್ರ ಎರಡನೇ ಬಹುಮಾನ ತಗೊಂಡು ಆರಾಮ ಇರು. ಮೊದಲನೇದ್ದು ತನ್ನ ಮಾತು ತಾನ ನಂಬಿದವ್ಗ."

ಮೊದಲ ಬಹುಮಾನ ಪಡೆದವನು ನಡುವೆ ಎರಡು ಸಲ ತಡವರಿಸಿದ್ದ. ಆ ತೀರ್ಪು ತಪ್ಪೆಂದು ನಾನು ಈಗಲೂ ವಾದಿಸಬಲ್ಲೆ. ಆದರೆ ಆ ಸಂಜೆ ಅವರದೇ ಕಾರಿನಲ್ಲಿ ಮನೆಗೆ ಬಂದೆ. ದಾರಿಯುದ್ದಕ್ಕೂ ವಾದಿಸಿದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ, ಒಪ್ಪಲೂ ಇಲ್ಲ.

ಅವರು ಪೆಥಾಲಜಿಸ್ಟ್. ರೋಗಿಗಳ ಮುಖ ನೋಡದ ಡಾಕ್ಟರು. ಗಾಜಿನ ಪಟ್ಟಿಯ ಮೇಲೆ ಬರುವ ರಕ್ತ, ಮಾಂಸದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದು ಇಂಥ ಕಾಯಿಲೆ ಎಂದು ಹೇಳುವುದು ಅವರ ಕೆಲಸ. ವರ್ಷಗಟ್ಟಲೆ ಗ್ಲೌಸ್ ಹಾಕಿದ್ದ ಕೈ. ಜಾರಿದ ಕನ್ನಡಕವನ್ನು ಮೊಣಕೈ ಎತ್ತಿ ಮಣಿಕಟ್ಟಿನಿಂದ ಮೇಲೆ ತಳ್ಳುತ್ತಿದ್ದರು, ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ, ಲೂಲೂವಿನಂಥ ಅಂಗಡಿಗಳಲ್ಲಿ ಬದನೆಕಾಯಿ ಆರಿಸುವಾಗಲೂ. ಯಾರಾದರೂ ಏನಾದರೂ ಸುದ್ದಿ ತಂದರೆ "ಮೊದಲ ನೋಡಿದ್ದು ಹೇಳು, ಅನಿಸಿದ್ದು ಆಮ್ಯಾಲ" ಎನ್ನುತ್ತಿದ್ದರು. ಎಷ್ಟೋ ಸುದ್ದಿಗಳು ಅಲ್ಲಿಗೇ ಮುಗಿಯುತ್ತಿದ್ದವು.

ಇಂಥವರಿಗೆ ಐವತ್ತು ದಾಟಿದ ಮೇಲೆ ಹಿಡಿದ ಹುಚ್ಚು ಬಗ್ಗಿ. ಬಾಗಿಲಿಲ್ಲದ, ತಲೆಯ ಮೇಲೆ ಕಬ್ಬಿಣದ ಪೈಪಿನ ಪಂಜರವಿರುವ, ಮರಳ ದಿಬ್ಬ ಹತ್ತಿ ಇಳಿಯಲೆಂದೇ ಮಾಡಿದ ಗಾಡಿ ಅದು. ಚಳಿಗಾಲದ ಶನಿವಾರಗಳಂದು ಕನ್ನಡದವರ ಒಂದು ಗುಂಪು ಬೆಳಗಾಗುತ್ತಲೇ ಅಲ್ ಬದಾಯರ್ ಮರಳುಗಾಡಿನ ಕಡೆಗೆ ಹೊರಡುತ್ತಿತ್ತು. ಟೈರಿನ ಗಾಳಿ ಇಳಿಸುವುದು, ಗಾಡಿಗೆ ಎತ್ತರದ ಬಾವುಟ ಸಿಕ್ಕಿಸುವುದು, ಸಾಲಾಗಿ ಮರಳಿಗೆ ಇಳಿಯುವುದು. ಡಾಕ್ಟರು ಸಾಲಿನ ಕೊನೆಗೆ. ನಾನು ಅವರ ಪಕ್ಕದ ಸೀಟಿಗೆ. "ನೀ ಬಾ, ನೀ ಮಾತಾಡ್ಕೋತ ಇದ್ರ ಗಾಳಿ ಸಪ್ಪಳ ಕೇಳೂದಿಲ್ಲ" ಎಂದು ಕರೆದಿದ್ದರು.

ಅವರಷ್ಟು ನಿಧಾನ ಓಡಿಸುವವರನ್ನು ನಾನು ನೋಡಿಲ್ಲ. ಗುಂಪಿನವರು ಅವರ ಗಾಡಿಗೆ ದಿಬ್ಬಣದ ಗಾಡಿ ಎಂದು ಹೆಸರಿಟ್ಟಿದ್ದರು. ಉಳಿದವರೆಲ್ಲ ತಂತಮ್ಮ ಬಗ್ಗಿಗೆ ಗುಡುಗುವ ಸೈಲೆನ್ಸರ್, ಇಂಜಿನ್ನಿನ ಶಕ್ತಿ ಹೆಚ್ಚಿಸುವ ಚಿಪ್, ಅಗಲ ಟೈರು, ಏನೇನೋ ಹಾಕಿಸಿಕೊಂಡಿದ್ದರು. ಇವರದು ಶೋರೂಮಿನಿಂದ ಬಂದ ಹಾಗೇ ಇತ್ತು. "ಯಾಕೆ ಡಾಕ್ಟ್ರೇ, ಒಂದು ಸೈಲೆನ್ಸರ್ ಆದ್ರೂ?" ಎಂದು ಕೇಳಿದರೆ, "ನನ್ನ ಬಾಯಿ ಸಾಲದೇನು?" ಎನ್ನುವವರು.

ಮೊದಲ ದಿನವೇ ಅವರು ಮರಳಲ್ಲಿ ಹೂತುಕೊಂಡಿದ್ದರಂತೆ. ಆಗ ಎಳೆದು ಹೊರಗೆ ಹಾಕಿದವನು ಶೇಖರ. ಉಡುಪಿಯ ಕಡೆಯವನು. ಅಲ್ಲೇ ಹತ್ತಿರದ ಟೂರ್ ಕಂಪನಿಯೊಂದರಲ್ಲಿ ಪ್ರವಾಸಿಗರನ್ನು ಬಗ್ಗಿಯಲ್ಲಿ ಕೂರಿಸಿಕೊಂಡು ಮರಳು ಸುತ್ತಿಸುವ ಡ್ರೈವರ್. ಅಂದಿನಿಂದ ಡಾಕ್ಟರು ಪ್ರತಿ ಶನಿವಾರ ಅವನಿಗೊಂದು ಡಬ್ಬಿ ತರುತ್ತಿದ್ದರು. ಅವನು ಡಬ್ಬಿ ತೆಗೆದು "ಎಂಥದು ಡಾಕ್ಟ್ರೇ, ಇವತ್ತು ಸಹ ರೊಟ್ಟಿಯಾ?" ಎನ್ನುವುದು, ಇವರು "ತಿಂದ್ರ ತಿನ್ನು, ಇಲ್ಲಂದ್ರ ಕೊಡು" ಎನ್ನುವುದು, ಇಬ್ಬರ ಗುಡ್ ಮಾರ್ನಿಂಗ್ ಇಷ್ಟೇ.

ಆ ಶೇಖರನ ಗಾಡಿ ಒಂದು ಮಧ್ಯಾಹ್ನ ದಿಬ್ಬ ಹತ್ತುತ್ತಿದ್ದಾಗ ಇಂಜಿನ್ ಇದ್ದಕ್ಕಿದ್ದಂತೆ ಸೀಜ್ ಆಗಿ ನಿಂತಿತು. ಚಕ್ರಗಳು ಕಚ್ಚಿಕೊಂಡವು, ಗಾಡಿ ಅಡ್ಡ ತಿರುಗಿ ಉರುಳಿತು. ಪಂಜರ ಇದ್ದದ್ದರಿಂದ ಜೀವ ಉಳಿಯಿತು. ಒಬ್ಬ ಪ್ರವಾಸಿಯ ಕೈ ಮುರಿಯಿತು. ಶೇಖರ ಮಿತಿಮೀರಿ ಆಕ್ಸಿಲರೇಟರ್ ಒತ್ತಿ ಇಂಜಿನ್ ಸುಟ್ಟಿದ್ದಾನೆ ಎಂದು ಟೂರ್ ಕಂಪನಿಯ ಮಾಲೀಕ ಅವತ್ತೇ ತೀರ್ಮಾನಿಸಿ ಅವನನ್ನು ಎಲ್ಲರೆದುರು ಬೈದ. ತಿಂಗಳ ಕೊನೆಗೆ ಕೆಲಸ ಖಲಾಸ್, ವೀಸಾ ಕ್ಯಾನ್ಸಲ್. ಪ್ರವಾಸಿಯ ಕೈ ಮುರಿದ ಡ್ರೈವರ್ ಎಂಬ ಹೆಸರು ಹೊತ್ತವನನ್ನು ಬೇರೆ ಟೂರ್ ಕಂಪನಿಯವರು ಕರೆಯುವುದಿಲ್ಲ.

"ನಾನು ಎಂಥ ಸಹ ಮಾಡ್ಲಿಲ್ಲ ಡಾಕ್ಟ್ರೇ. ದಿನಾ ಹತ್ತುವ ದಿಬ್ಬ ಅದು. ಅದು ತನ್ನಷ್ಟಕ್ಕೆ ನಿಂತದ್ದು" ಎಂದ ಶೇಖರ.

"ಸಪ್ಪಳ ಏನರ ಬಂತು?"

"ಸೊಲ್ಪ ಮುಂಚೆ ಟಕಟಕ ಅಂತ ಬಂತು. ಮತ್ತೆ ನಿಂತದ್ದೇ."

ಡಾಕ್ಟರು ಸಮಾಧಾನ ಹೇಳಲಿಲ್ಲ. ನಿನ್ನ ತಪ್ಪಿಲ್ಲ ಎಂದೂ ಹೇಳಲಿಲ್ಲ. "ನೋಡೋಣು" ಎಂದರು. ನನಗೆ ಅದು ಕಟುವಾಗಿ ಕಂಡಿತು. ಅವರ ಬಾಯಲ್ಲಿ ಆ ಮಾತಿನ ಅರ್ಥ ನಿಜವಾಗಿಯೂ ಕಣ್ಣಿಟ್ಟು ನೋಡುವುದು ಎಂದು ತಿಳಿದದ್ದು ಆಮೇಲೆ.

ನಮ್ಮ ಗುಂಪಿನಲ್ಲೂ ಶೇಖರನ ಗಾಡಿ ತಯಾರಿಸಿದ ಕಂಪನಿಯದೇ, ಅದೇ ಮಾದರಿಯ ಬಗ್ಗಿಗಳು ಹೀಗೇ ಟಕಟಕ ಎಂದು ಸತ್ತಿದ್ದವು. ಅಷ್ಟರಲ್ಲಿ ಯಾರೋ ಇಂಟರ್‌ನೆಟ್‌ನಲ್ಲಿ ಒಂದು ಸುದ್ದಿ ಹುಡುಕಿದರು. ಬಗ್ಗಿ ತಯಾರಿಸುವ ಈ ಕಂಪನಿ ಚಳಿ ದೇಶಗಳಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಮಾರುತ್ತದೆ. ಒಳಗೆ ಇರುವುದು ಇದೇ ಇಂಜಿನ್. ಅಲ್ಲಿಯ ಮಾಲೀಕರು ಗಲಾಟೆ ಮಾಡಿದ ಮೇಲೆ, ಇಂಜಿನ್ನಿನ ಒಳಗೆ ಬೇರಿಂಗ್‌ಗೆ ಎಣ್ಣೆ ಹೋಗುವ ಸಣ್ಣ ದಾರಿ ಕೆಲವು ಗಾಡಿಗಳಲ್ಲಿ ಸರಿಯಾಗಿ ಕೊರೆದಿಲ್ಲ ಎಂದು ಒಪ್ಪಿ, ಕಂಪನಿಯೇ ಗಾಡಿಗಳನ್ನು ವಾಪಸ್ ಕರೆಸಿ ರಿಪೇರಿ ಮಾಡಿಕೊಡುತ್ತಿತ್ತು. ಇಲ್ಲಿಯ ಡೀಲರ್ ಬಳಿ ಕೇಳಿದರೆ ಒಂದೇ ಉತ್ತರ: ಆ ರೀಕಾಲ್ ಹಿಮದ ಗಾಡಿಗೆ. ಇಲ್ಲಿ ಇಂಜಿನ್ ಹಾಳಾಗುವುದು ಮರಳಿನಿಂದ, ಮತ್ತು ನಿಮ್ಮಿಂದ.

ನಿಮ್ಮಿಂದ ಎಂಬ ಮಾತಿನಲ್ಲಿ ಹುರುಳಿತ್ತು ಎಂಬುದೇ ತೊಂದರೆ. ಬಗ್ಗಿ ಇಟ್ಟವರಲ್ಲಿ ಒಂದು ಪದ್ಧತಿಯಿದೆ. ಇಂಜಿನ್ ಸತ್ತರೆ ನೇರ ಡೀಲರ್ ಬಳಿ ಹೋಗುವುದಿಲ್ಲ. ಮೊದಲು ರಾಸ್ ಅಲ್ ಖೋರ್‌ನ ಯಾವುದಾದರೂ ಗ್ಯಾರೇಜಿಗೆ ಒಯ್ದು ಚಿಪ್ ತೆಗೆಸಿ, ಸೈಲೆನ್ಸರ್ ಬಿಚ್ಚಿಸಿ, ಮೂಲ ಭಾಗಗಳನ್ನು ತೊಡಿಸಿ, ತೊಳೆಸಿ, ಹೆಣ್ಣು ತೋರಿಸುವ ಶಾಸ್ತ್ರಕ್ಕೆ ಸಿದ್ಧ ಮಾಡಿದ ಹಾಗೆ ಮಾಡಿ ವಾರಂಟಿ ಕೇಳಲು ಹೋಗುವುದು. ಡೀಲರ್‌ನ ಮೆಕ್ಯಾನಿಕ್‌ಗೆ ಹೊಸ ನಟ್ಟಿನ ಮೇಲಿನ ಸ್ಪ್ಯಾನರ್ ಗುರುತು ಕಾಣದೇ? ಅವನು ಒಂದು ನಗೆ ನಕ್ಕು ವಾಪಸ್ ಕಳಿಸುತ್ತಿದ್ದ. ಒಬ್ಬ ಸುಳ್ಳು ಹೇಳಿದ್ದಕ್ಕೆ ಎಲ್ಲರ ಇಂಜಿನ್ನೂ ಸುಳ್ಳಾಗುತ್ತಿತ್ತು.

ಡಾಕ್ಟರು ಎಲ್ಲರನ್ನೂ ಮನೆಗೆ ಕರೆದರು. ಗಿರಮಿಟ್ ಮಾಡಿದ್ದರು. ಎಲ್ಲರ ತಟ್ಟೆಗೂ ಬಡಿಸಿದ ಮೇಲೆ ನಿಂತುಕೊಂಡು, "ಈಗ ಒಬ್ಬೊಬ್ರ ಹೇಳ್ರಿ. ಗಾಡಿಗೆ ಏನೇನ್ ಹಾಕ್ಸೀರಿ?" ಎಂದು ಕೇಳಿದರು.

ಎಲ್ಲರೂ ಗಿರಮಿಟ್ ತಟ್ಟೆಗೆ ತಲೆ ಬಗ್ಗಿಸಿದರು. ಬೆಂಗಳೂರಿನ ಐಟಿ ಮ್ಯಾನೇಜರ್ ಮಂಜುನಾಥ್ ಎಂಬವರು ಕೊನೆಗೆ, "ಡಾಕ್ಟ್ರೇ, ಅದೆಲ್ಲ ಯಾಕೆ ಈಗ? ಡೀಲರ್‌ಗೆ ಗೊತ್ತಾದ್ರೆ ನಮ್ಮ ಕೇಸೇ ಬಿದ್ದೋಗುತ್ತೆ" ಎಂದರು.

"ಬಿದ್ದೈತ್ರೀ ಮಂಜುನಾಥ್. ಬಿದ್ದು ನಾರಾಕತ್ತೈತಿ. ನಿಮಗೊಬ್ರಿಗೆ ವಾಸನಿ ಬಂದಿಲ್ಲ."

ಎಲ್ಲರೂ ನಕ್ಕರು. ಮಂಜುನಾಥರೂ ನಗಬೇಕಾಯಿತು. ಚಿಪ್ ಹಾಕಿಸಿದ್ದೆ ಎಂದರು. ಆಮೇಲೆ ಕಟ್ಟೆ ಒಡೆಯಿತು. ಒಬ್ಬರು ಏರ್ ಫಿಲ್ಟರನ್ನೇ ಕಿತ್ತು ಓಡಿಸಿದ್ದರು. ಇನ್ನೊಬ್ಬರು ಹೆಂಡತಿಗೂ ಹೇಳದೆ ಹಾಕಿಸಿದ್ದ ಟರ್ಬೊದ ವಿಷಯವನ್ನು ಹೆಂಡತಿಯ ಎದುರೇ ಹೇಳಿ, ಅವಳ ಮುಖ ನೋಡಲಾಗದೆ ನೀರು ಕುಡಿಯಲು ಎದ್ದು ಹೋದರು.

ಎಲ್ಲ ಕೇಳಿದ ಮೇಲೆ ನಾನು ಹೇಳಿದೆ. "ವಾದ ಮುಗೀತು ಡಾಕ್ಟ್ರೇ. ಸತ್ತಿರೋ ಪ್ರತಿ ಇಂಜಿನ್‌ನಲ್ಲೂ ಮಾಲೀಕರ ಕೈವಾಡ ಇದೆ. ಶೇಖರನ ಗಾಡಿಯನ್ನ ದಿನವಿಡೀ ಬಾಡಿಗೆಗೆ ಓಡಿಸಿದ್ದಾರೆ. ಡೀಲರ್ ಜಾಗದಲ್ಲಿ ನಾನಿದ್ರೂ ಇದನ್ನೇ ಹೇಳ್ತಿದ್ದೆ."

ಅವರು ಮಣಿಕಟ್ಟಿನಿಂದ ಕನ್ನಡಕ ಸರಿಸಿದರು. "ಖರೆ ಐತಿ. ಬಂದಿರೋ ಸ್ಯಾಂಪಲ್ ಎಲ್ಲಾ ಬ್ಯಾನಿ ಬಿದ್ದವ್ರದs. ಆರಾಮ ಇದ್ದವ್ರದು ಒಂದೂ ಇಲ್ಲ. ಆರಾಮ ಇದ್ದದ್ದು ಬಿಚ್ಚಿ ನೋಡಬೇಕು."

"ಓಡ್ತಾ ಇರೋ ಇಂಜಿನ್ ಬಿಚ್ಚೋಕೆ ಯಾರು ಕೊಡ್ತಾರೆ?"

ಕೇಳಿದ ಕೂಡಲೇ ಉತ್ತರ ನನಗೇ ಹೊಳೆಯಿತು. ಒಂದು ನಟ್ಟೂ ಬದಲಿಸದ, ಯಾವತ್ತೂ ಜೋರು ಓಡದ, ಪ್ರತಿ ಸರ್ವಿಸ್ಸನ್ನೂ ಡೀಲರ್ ಬಳಿಯೇ ಮಾಡಿಸಿದ ಬಗ್ಗಿ ನಮ್ಮ ಗುಂಪಿನಲ್ಲಿ ಒಂದೇ ಇತ್ತು, ದಿಬ್ಬಣದ ಗಾಡಿ.

ಆ ರಾತ್ರಿ ಊಟಕ್ಕೆ ಕುಳಿತಾಗಲೂ, ಮರುದಿನ ಸಿಲಿಕಾನ್ ಓಯಸಿಸ್‌ನ ನನ್ನ ಆಫೀಸಿನಿಂದ ಫೋನ್ ಮಾಡಿಯೂ ನಾನು ಅವರ ವಿರುದ್ಧ ವಾದಿಸಿದೆ. ನನ್ನ ವಾದ ಈಗಲೂ ಗಟ್ಟಿಯೆಂದೇ ಅಂದುಕೊಂಡಿದ್ದೇನೆ. ಬಿಚ್ಚಿದಾಗ ಒಳಗೆ ಎಲ್ಲ ಸರಿಯಿದ್ದರೆ ಡೀಲರ್ ಗೆದ್ದ ಹಾಗೆ, ಶೇಖರನಿಗಿದ್ದ ಸಣ್ಣ ಆಸೆಯೂ ಹೋದ ಹಾಗೆ. ಬಿಚ್ಚದಿದ್ದರೆ ಅನುಮಾನವಾದರೂ ಉಳಿಯುತ್ತದೆ. ಅನುಮಾನದ ಲಾಭ ಆರೋಪಿಗೆ. ಇದು ಯಾವ ಕೋರ್ಟಿನಲ್ಲೂ ನಿಲ್ಲುವ ಮಾತು.

"ಮತ್ತ ಒಳಗ ಎಲ್ಲಾ ಸರಿ ಇದ್ರ?" ಎಂದು ಅವರೇ ಕೇಳಿದರು. "ಸರಿ ಇದ್ರ ಇಂಜಿನ್ ಚೊಲೋ ಐತಿ ಅಂತ ಗೊತ್ತಾತು. ನಾವು ಹೇಳೂದು ಸುಳ್ಳು ಅಂತ ಗೊತ್ತಾತು. ಅದೂ ಗೊತ್ತಾಗ್ಬೇಕಲ್ಲವಾ?"

"ಶೇಖರ ಊರಿಗೆ ವಾಪಸ್ ಹೋಗ್ಬೇಕಾಗುತ್ತೆ ಡಾಕ್ಟ್ರೇ!"

"ಅವಗ ಕೇಳೀನಿ" ಎಂದರು. "ಬಿಚ್ಚ್ರಿ ಅಂದಾನ. ನೀ ಇಷ್ಟ್ ಹೆದರ್ತಿ, ಅವ ಹೆದರಲಿಲ್ಲ ನೋಡು. ತಾ ಮಾಡಿಲ್ಲಂತ ಅವಗ ಗೊತ್ತೈತಿ."

ನಾನು ಅವನನ್ನು ಕೇಳಿಯೇ ಇರಲಿಲ್ಲ.

ಡೀಲರ್ ಶರತ್ತುಗಳನ್ನು ಹಾಕಿದ. ಬಿಚ್ಚುವುದು ಅವರ ವರ್ಕ್‌ಶಾಪಿನಲ್ಲಿ, ಅವರ ಮೆಕ್ಯಾನಿಕ್‌ನಿಂದ. ದೋಷ ಸಿಗದಿದ್ದರೆ ಡಾಕ್ಟರ ಇಂಜಿನ್ನಿನ ವಾರಂಟಿ ಅಲ್ಲಿಗೆ ಮುಗಿಯಿತು. ಡಾಕ್ಟರು ಒಂದೇ ಒಂದು ಶರತ್ತು ಹಾಕಿದರು: ಟೂರ್ ಕಂಪನಿಯ ಮಾಲೀಕ ಎದುರಿಗೆ ನಿಂತು ನೋಡಬೇಕು.

ಇಷ್ಟರಲ್ಲಿ ಅವರ ನಿವೃತ್ತಿ ಹತ್ತಿರವಿತ್ತು. ಅದು ಇಲ್ಲಿ ಅವರ ಕೊನೆಯ ಚಳಿಗಾಲ. ಬಿಚ್ಚಿದ ಇಂಜಿನ್ ಮತ್ತೆ ಸೇರಿಸಲು ಬೇಕಾದ ಭಾಗಗಳು ಹೊರದೇಶದಿಂದ ಬರಬೇಕು, ಬರುವ ಹೊತ್ತಿಗೆ ಬೇಸಿಗೆ ಎಂದು ಅವರಿಗೆ ಗೊತ್ತಿತ್ತು. ಬಿಚ್ಚಿಸುವ ಹಿಂದಿನ ಶನಿವಾರ, ನಾವೆಲ್ಲ ನೋಡುತ್ತಿದ್ದಂತೆ, ಒಬ್ಬರೇ ಮರಳಲ್ಲಿ ಒಂದು ಸುತ್ತು ಹೋಗಿ ಬಂದರು. ನನ್ನನ್ನೂ ಕರೆಯಲಿಲ್ಲ. ಬಂದವರು ಟೈರಿಗೆ ಗಾಳಿ ತುಂಬಿ, ಸೀಟಿನ ಮರಳು ಒರೆಸಿ, "ನಡೀರಿ" ಎಂದರು.

ವರ್ಕ್‌ಶಾಪಿನಲ್ಲಿ ನಾವು ಗೋಡೆಗೆ ಒರಗಿ ನಿಂತಿದ್ದೆವು. ಸರ್ವಿಸ್ ಮ್ಯಾನೇಜರ್ ಈಜಿಪ್ಟಿನವರು, ಅಚ್ಚುಕಟ್ಟಾದ ಮನುಷ್ಯ, ಮೊದಲಿನಿಂದಲೂ ನಮ್ಮ ಗುಂಪನ್ನು ಸುಳ್ಳರ ಗುಂಪೆಂದೇ ನಂಬಿದ್ದವರು. ಟೂರ್ ಕಂಪನಿಯ ಮಾಲೀಕ ಗಳಿಗೆಗೊಮ್ಮೆ ಫೋನ್ ನೋಡುತ್ತಿದ್ದ. ಶೇಖರ ಬಾಗಿಲ ಬಳಿ ನಿಂತವನು ಒಳಗೆ ಬರಲಿಲ್ಲ. ಮೆಕ್ಯಾನಿಕ್ ಒಂದೊಂದೇ ಭಾಗ ತೆಗೆದು ಬಟ್ಟೆಯ ಮೇಲೆ ಜೋಡಿಸುತ್ತ ಹೋದ. ಏರ್ ಫಿಲ್ಟರ್ ಶುಭ್ರವಾಗಿತ್ತು. ಎಣ್ಣೆಯಲ್ಲಿ ಮರಳಿರಲಿಲ್ಲ. ಎಲ್ಲವೂ ಚೊಕ್ಕವಾಗಿತ್ತು. ಇಷ್ಟು ಆರೋಗ್ಯವಾದ ಇಂಜಿನ್ನಿನಿಂದ ಶೇಖರನಿಗೇನು ಉಪಯೋಗ?

ಕೊನೆಗೆ ಬೇರಿಂಗ್ ಹೊರಗೆ ಬಂತು. ಮೆಕ್ಯಾನಿಕ್ ಅದನ್ನು ಬೆಳಕಿಗೆ ಹಿಡಿದು ನೋಡಿ ಮ್ಯಾನೇಜರ್ ಕೈಗೆ ಕೊಟ್ಟ. ಅವರು ಉಗುರಿನಿಂದ ಅದರ ಮೈ ಸವರಿದರು. ಉಗುರು ತಡೆಯಿತು. ನುಣ್ಣಗೆ ಹೊಳೆಯಬೇಕಾದ ಲೋಹದ ಮೇಲೆ, ಎಣ್ಣೆ ಕಾಣದೆ ಒಣಗಿ ತಿಕ್ಕಿದ ಗೀರುಗಳು. ಎಣ್ಣೆಯ ದಾರಿಯ ಬಾಯಲ್ಲಿ, ಕೊರೆದವರು ಬಿಟ್ಟುಹೋಗಿದ್ದ ಲೋಹದ ಒಂದು ಮುಳ್ಳು.

ಮಂಜುನಾಥರು ಚಪ್ಪಾಳೆ ತಟ್ಟಿದರು. ಡಾಕ್ಟರು ಅವರ ಕಡೆ ತಿರುಗಿ, "ಸುಮ್ನಿರ್ರೀ. ನನ್ನ ಗಾಡಿ ಸಾಯಾಕ ನಿಂತಿತ್ತು, ಚಪ್ಪಾಳಿ ಹೊಡೀತೀರಲ್ಲ!" ಎಂದರು.

ಮ್ಯಾನೇಜರ್ ಮಾತ್ರ ಸೋಲಲಿಲ್ಲ. ಇದು ಒಂದೇ ಇಂಜಿನ್, ಒಂದರಿಂದ ಎಲ್ಲದರ ಬಗ್ಗೆ ಹೇಳಲಾಗದು ಎಂದರು. ಒಳ್ಳೆಯ ವಾದ. ನಾನೂ ಅದನ್ನೇ ಹೇಳುತ್ತಿದ್ದೆ. ಡಾಕ್ಟರು ತಕ್ಷಣ ಒಪ್ಪಿದರು. "ಸರಿಯಾಗಿ ಹೇಳಿದಿರಿ" ಎಂದು ಇಂಗ್ಲಿಷಿನಲ್ಲಿ ಹೇಳಿ, ಶೋರೂಮಿನ ಕಡೆ ಕೈ ತೋರಿಸಿದರು. ಗಿರಾಕಿಗಳಿಗೆ ಓಡಿಸಿ ತೋರಿಸಲು ಡೀಲರೇ ಇಟ್ಟುಕೊಂಡ ಬಗ್ಗಿ ಅಲ್ಲಿತ್ತು. ಅದನ್ನು ಕೆಡಿಸಿದವರು ನಾವಂತೂ ಅಲ್ಲ. "ನಾನು ನನ್ನದು ಬಿಚ್ಚಿಸಿದೆ. ಈಗ ನಿಮ್ಮದು ಬಿಚ್ಚಿ."

ಮ್ಯಾನೇಜರ್ ಆ ಹೊತ್ತಿಗೆ ಬೇರಿಂಗನ್ನು ಬಟ್ಟೆಯಲ್ಲಿ ಸುತ್ತಿ ಒಳಗೆ ಒಯ್ದರು. ಆದರೆ ಬಿಚ್ಚಿದರು. ಯಾರೂ ಒತ್ತಾಯಿಸದೆ, ನಾವ್ಯಾರೂ ಇಲ್ಲದಾಗ. ಆಮೇಲೆ ತಾವೇ ಡಾಕ್ಟರಿಗೆ ಫೋನ್ ಮಾಡಿ, ಅದರಲ್ಲೂ ಅದೇ ಮುಳ್ಳು ಇದೆ, ತಯಾರಕರಿಗೆ ಬರೆದಿದ್ದೇನೆ ಎಂದರು. ಟೂರ್ ಕಂಪನಿಗೂ ತಿಳಿಸಿದರು. ತಿಂಗಳುಗಳ ನಂತರ ಇಲ್ಲಿಯ ಬಗ್ಗಿಗಳನ್ನೂ ವಾಪಸ್ ಕರೆಸಿ ರಿಪೇರಿ ಮಾಡಲು ಶುರುಮಾಡಿದರು. 'ದೋಷ' ಎಂಬ ಪದವನ್ನು ಎಲ್ಲಿಯೂ ಬಳಸಲಿಲ್ಲ, 'ಸುಧಾರಣೆ' ಎಂದರು. ನಾನು ಸಿಟ್ಟಾದಾಗ ಡಾಕ್ಟರು, "ಗಾಡಿ ರಿಪೇರಿ ಆತೇನು? ಆತು. ಏನರ ಅನ್ಕೊಳ್ಳಲಿ ಬಿಡು" ಎಂದರು. ಆದರೆ ಎಲ್ಲ ವಿಷಯದಲ್ಲೂ ಅವರು ಹೀಗೆ ಬಿಡುವವರಲ್ಲ.

ಡೀಲರ್ ಫೋನ್ ಬಂದ ಮೇಲಿನ ಶನಿವಾರ ಅವರು ನನ್ನ ಅಪ್ಪನ ಕಾರಿನಲ್ಲಿ ನನ್ನೊಂದಿಗೆ ಮರಳುಗಾಡಿನಲ್ಲಿದ್ದ ಟೂರ್ ಕಂಪನಿಯ ಕ್ಯಾಂಪಿಗೆ ಬಂದರು. ಡ್ರೈವರುಗಳು ಸಾಲಾಗಿ ಕುಕ್ಕರುಗಾಲಲ್ಲಿ ಕೂತು ಟೈರಿನ ಗಾಳಿ ಇಳಿಸುತ್ತಿದ್ದರು. ಶೇಖರ ದೂರದಲ್ಲಿ ಕೈಕಟ್ಟಿ ನಿಂತಿದ್ದ. ಮಾಲೀಕ ಡಾಕ್ಟರನ್ನು ಕಂಡು ನಗುತ್ತ ಬಂದು, ವಿಷಯ ಮುಗಿದಿದೆ, ಶೇಖರ ಇವತ್ತಿನಿಂದಲೇ ಕೆಲಸಕ್ಕೆ ಬರಬಹುದು ಎಂದು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದ. ನಾನು ಥ್ಯಾಂಕ್ಸ್ ಹೇಳಲು ಬಾಯಿ ತೆರೆದಿದ್ದೆ.

ಡಾಕ್ಟರು ಹುಬ್ಬಳ್ಳಿಯ ಹಿಂದಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದರು. "ನನಗ್ಯಾಕೆ ಹೇಳ್ತೀರಿ? ಅವತ್ತು ಇವನನ್ನ ಬೈದದ್ದು ಎಲ್ಲಿ?"

ಮಾಲೀಕ ಸುತ್ತ ನೋಡಿದ. "ಇಲ್ಲೇ."

"ಯಾರ ಮುಂದೆ?"

ಅವನು ಕೈಯಲ್ಲಿದ್ದ ಫೋನನ್ನು ಜೇಬಿಗೆ ಹಾಕಿಕೊಂಡ.

"ಇವರೆಲ್ಲರ ಮುಂದೆ. ಹಿಂದಿಯಲ್ಲಿ. ಹಾಗಾದರೆ ಇದನ್ನೂ ಇಲ್ಲೇ, ಇವರ ಮುಂದೆ, ಹಿಂದಿಯಲ್ಲೇ ಹೇಳಿ."

ಟೈರುಗಳ ಸುಯ್ ಸದ್ದು ಒಂದೊಂದಾಗಿ ನಿಂತಿತು. ಡ್ರೈವರುಗಳು ತಲೆ ಎತ್ತಿದರು. ಮಾಲೀಕ ಕೆಟ್ಟವನೇನಲ್ಲ; ನಾಚಿಕೆ ಅವನ ಕಿವಿಯವರೆಗೂ ಹತ್ತಿತ್ತು. ನೆಲ ನೋಡುತ್ತ ಏನೋ ಗೊಣಗಿದ.

"ಕೇಳಿಸಲಿಲ್ಲ" ಎಂದರು ಡಾಕ್ಟರು.

ಅವನು ತಲೆ ಎತ್ತಿದ. "ಶೇಖರ್ ಕೀ ಗಲತೀ ನಹೀಂ ಥೀ" ಎಂದ. ಸ್ವಲ್ಪ ತಡೆದು, ಈ ಸಲ ಶೇಖರನನ್ನೇ ನೋಡಿ, "ಗಾಡಿ ಖರಾಬ್ ಥೀ" ಎಂದ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಪಠಾಣ ಡ್ರೈವರ್ ಎದ್ದು ಬಂದು ಶೇಖರನ ಬೆನ್ನ ಮೇಲೊಂದು ಗುದ್ದಿ, ಅವನ ಕೈಗೆ ಬೇರೆ ಮಾದರಿಯ ಬಗ್ಗಿಯೊಂದರ ಕೀ ಹಾಕಿದ. ನನಗೆ ಮಾಲೀಕನಿಗೆ ಹೇಳುವುದು ಇನ್ನೂ ಬಹಳವಿತ್ತು. ಒಂದು ಹೆಜ್ಜೆ ಮುಂದಿಟ್ಟೆ. ಡಾಕ್ಟರು ನನ್ನ ತೋಳು ಹಿಡಿದರು.

"ಸಾಕವಾ. ಅವಗ ಕೆಲಸ ಐತಿ."

ಪ್ರವಾಸಿಗರ ಬಸ್ಸು ಬಂದಿತ್ತು. ಶೇಖರ ಇಬ್ಬರನ್ನು ಹತ್ತಿಸಿಕೊಂಡ. ಒಬ್ಬೊಬ್ಬರ ಬೆಲ್ಟನ್ನೂ ಕೈಯಾರೆ ಎಳೆದು ನೋಡಿದ, ಆಮೇಲೆ ತನ್ನದನ್ನು. ನಮ್ಮ ಕಡೆ ತಿರುಗಲೇ ಇಲ್ಲ. "ಆಲ್ ಗುಡ್? ಯಲ್ಲಾ, ಲೆಟ್ಸ್ ಗೋ!" ಎಂದು ಕೂಗಿ ಗಾಡಿ ತೆಗೆದ.